ತಡವಾಗಿ ಬಂದ ತಾಯಿಯ ಪಾತ್ರ

ಆಸ್ಪತ್ರೆಯ ಬಾಗಿಲು ತಳ್ಳಿದ ಕೂಡಲೇ ಫಿನಾಯಿಲು, ಹಳಸಿದ ಹಾಲು, ಒದ್ದೆ ಬಟ್ಟೆ ಎಲ್ಲ ಕಲಸಿದ ಒಂದು ವಾಸನೆ ಅಳುಬುರುಕಿಯ ಮೂಗಿಗೆ ರಾಚಿತು. ಎಷ್ಟು ಆಸ್ಪತ್ರೆ ಸುತ್ತಿದ್ದರೂ ಈ ವಾಸನೆಗೆ ಅವಳ ಹೊಟ್ಟೆ ಒಗ್ಗಿರಲಿಲ್ಲ. ಬೆಂಚಿನ ಮೇಲೆ ಯಾವುದೋ ಮಗು ತಿಂದು ಉಗುಳಿದ ಬಿಸ್ಕತ್ತು ನೆಂದು ಅಂಟಿಕೊಂಡಿತ್ತು. ಗೋಡೆಯ ಮೇಲೆ ನಗುವ ಮಗುವಿನ ದೊಡ್ಡ ಚಿತ್ರ, ಅದರ ಗಲ್ಲದ ಮೇಲೆಯೇ ಯಾರೋ ಕೈ ಒರೆಸಿ ಹೋದ ಗುರುತು. ಥೂ, ಇವರ ಕೈ ಸೇದಿ ಹೋಗ, ಎಂದುಕೊಂಡಳು. ಸೊಂಟದ ಮೇಲಿದ್ದ ಗುಂಡಕ್ಕ ಮಾತ್ರ ಚಿತ್ರದ ಮಗುವನ್ನು ಕಂಡು ಕೈಕಾಲು ಬಡಿದು ಕೇಕೆ ಹಾಕಿದಳು. ಆಸ್ಪತ್ರೆ ಎಂದರೆ ಅವಳಿಗೆ ಖುಷಿ. ಅವಳಿಗೆ ನೆನಪಿರುವಂತೆ ಯಾವ ಆಸ್ಪತ್ರೆಯೂ ನೋವು ಕೊಟ್ಟಿರಲಿಲ್ಲ.

ಗುಂಡಕ್ಕ ಅಳುಬುರುಕಿಯ ಮಗಳಲ್ಲ, ತಮ್ಮನ ಮಗಳು. ಈಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ, ಎತ್ತಿಕೊಂಡರೆ ಕೈ ಸೋಲುವಷ್ಟು ದುಂಡಗಿದ್ದ ಕೂಸು. ಇನ್ನು ಅಳುಬುರುಕಿ ಎಂಬುದು ನಾಟಕ ಕಂಪನಿಯವರು ಇಟ್ಟ ಅಡ್ಡಹೆಸರು. ಎಲ್ಲಿ ಬೇಕೆಂದರೆ ಅಲ್ಲಿ, ಎಷ್ಟು ಬೇಕೆಂದರೆ ಅಷ್ಟು ಕಣ್ಣೀರು ಸುರಿಸುವವಳು ಅವಳು. ಒಂದೇ ಕಣ್ಣಲ್ಲಿ ಅಳು ಎಂದರೂ ಅಳುತ್ತಾಳೆ ಎಂದು ಕಂಪನಿಯ ಮಾಲೀಕ ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದ. ಆಮೇಲೆ ಕಂಪನಿ ಮುಚ್ಚಿತು, ರಂಗಮಂದಿರದಲ್ಲಿ ಸೋಫಾ ಅಂಗಡಿ ಬಂತು, ಅವಳ ಕಣ್ಣೀರನ್ನು ಕೇಳುವವರು ಇಲ್ಲದಂತಾದರು. ಆಗ ಸಿಕ್ಕಿದ್ದು ಸಂಶೋಧನಾ ಕೇಂದ್ರದ ಈ ಕೆಲಸ.

ಕೆಲಸವೂ ನಾಟಕದ್ದೇ. ಕೇಂದ್ರದ ಪ್ರೊಫೆಸರ್ ಮೊದಲ ದಿನವೇ ಬಿಡಿಸಿ ಹೇಳಿದ್ದರು. ಮಕ್ಕಳ ಲಸಿಕೆಯ ತಾರೀಖು ಒಮ್ಮೆ ತಪ್ಪಿಸಿದ ತಾಯಂದಿರು ಮುಂದಿನ ಸಲ ಬಂದಾಗ ನರ್ಸುಗಳ ಬಾಯಿಗೆ ಸಿಕ್ಕಿ ಬೀಳುತ್ತಾರೆ. ನಾಲ್ಕು ಜನರ ಮುಂದೆ ಮಾನ ಹೋದ ಮೇಲೆ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಲಸಿಕೆ ತಪ್ಪಿದ ಮಕ್ಕಳಲ್ಲಿ ಎಷ್ಟೋ ಮಕ್ಕಳಿಗೆ ತಪ್ಪಿರುವುದು ತಾಯಿಯ ಅಸಡ್ಡೆಯಿಂದಲ್ಲ, ನರ್ಸಿನ ನಾಲಿಗೆಯಿಂದ. ಇದು ಪ್ರೊಫೆಸರ್ ಅವರ ಅನುಮಾನ, ಇದನ್ನು ಸಾಬೀತು ಮಾಡಬೇಕಿತ್ತು. ಅದಕ್ಕಾಗಿ ತಡವಾಗಿ ಬಂದ ತಾಯಿಯ ಪಾತ್ರ ಹಾಕಿಕೊಂಡು, ತಾರೀಖು ಮೀರಿದ ಸುಳ್ಳು ಕಾರ್ಡು ಹಿಡಿದು, ನಿಜವಾದ ಮಗುವನ್ನು ಎತ್ತಿಕೊಂಡು ಒಂದೊಂದೇ ಆಸ್ಪತ್ರೆಗೆ ಹೋಗಬೇಕು. ಬೈಸಿಕೊಳ್ಳಬೇಕು. ಬೈದದ್ದನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡು ಬಂದು ಒಪ್ಪಿಸಬೇಕು. ಮೇಲಧಿಕಾರಿಗಳ ಒಪ್ಪಿಗೆ ಇತ್ತು, ನರ್ಸುಗಳಿಗೆ ಮಾತ್ರ ಗೊತ್ತಿರಲಿಲ್ಲ.

ಒಂದೇ ಒಂದು ಕಟ್ಟುನಿಟ್ಟು. ಸೂಜಿ ಚುಚ್ಚುವ ಮೊದಲು ಏನಾದರೂ ನೆಪ ಹೇಳಿ ಎದ್ದು ಬಂದುಬಿಡಬೇಕು. ಒಂದು ಕಡೆ ಚುಚ್ಚಿಸಿಕೊಂಡ ಮಗುವನ್ನು ಇನ್ನೊಂದು ಕಡೆ ಚುಚ್ಚಿಸಿಕೊಳ್ಳದ ಮಗು ಎಂದು ತೋರಿಸಲಾಗುವುದಿಲ್ಲವಲ್ಲ. ಮರೆತು ಎರಡೆರಡು ಸಲ ಚುಚ್ಚಿದರೆ ಅದಿನ್ನೊಂದು ರಗಳೆ.

ಈ ಆಸ್ಪತ್ರೆಯ ನರ್ಸಮ್ಮ ದಪ್ಪ ಕನ್ನಡಕದವಳು. ಮೈಯಿಂದ ನೋವಿನ ಮುಲಾಮಿನ ಘಾಟು ಬರುತ್ತಿತ್ತು. ಕಾರ್ಡನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಅದರ ಮೇಲಿನ ವಿಳಾಸವನ್ನು ಪುಸ್ತಕಕ್ಕೆ ಬರೆದುಕೊಂಡಳು, ಆಮೇಲೆ ಅಳುಬುರುಕಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೆರೋಕೆ ಪುರುಸೊತ್ತಿತ್ತು, ಸೂಜಿ ಹಾಕ್ಸೋಕೆ ಪುರುಸೊತ್ತಿಲ್ವಾ?"

ಬೆಂಚಿನ ಮೇಲಿದ್ದ ತಾಯಂದಿರೆಲ್ಲ ಕತ್ತು ತಿರುಗಿಸಿದರು. ಅಳುಬುರುಕಿ ತಲೆ ತಗ್ಗಿಸಿದಳು. ಪಾತ್ರ ಬೇಡುವಷ್ಟು ಕಣ್ಣೀರು ತಾನಾಗಿ ಬಂತು.

"ಕೆಲ್ಸ ಇತ್ತು ಸಿಸ್ಟರ್..."

"ಏನ್ ಮಹಾ ಕೆಲ್ಸ? ದೇಶ ಆಳ್ತಿದ್ಯಾ? ಮಗು ನೋಡು, ಕೊಬ್ಬಿದ ಕರು ಥರ ಇದೆ. ತಿನ್ಸೋಕೆ ಬರುತ್ತೆ, ತಾರೀಖು ನೋಡೋಕೆ ಬರಲ್ಲ. ನಿಮ್ಮಂಥೋರಿಂದಾನೇ ಊರಿಗೆಲ್ಲ ರೋಗ ಹರಡೋದು. ಅಳ್ಬೇಡ, ನಂಗೆ ಈ ಡ್ರಾಮಾ ಎಲ್ಲ ಗೊತ್ತು. ಹೋಗಿ ಕೂತ್ಕೋ, ಕರೀತೀನಿ."

ಡ್ರಾಮಾ ಎಂಬ ಮಾತಿಗೆ ಅಳುಬುರುಕಿಗೆ ಒಳಗೊಳಗೇ ನಗು ಬಂತು. ಮಾತಾಡುವಾಗ ನರ್ಸಮ್ಮನ ಬಾಯಿಂದ ಹಾರಿದ ಎಂಜಲು ಅವಳ ಕೈಮೇಲೆ ಬಿದ್ದಿತ್ತು. ಮಗುವಿಗೆ ನೀರು ಕುಡಿಸಿಕೊಂಡು ಬರುತ್ತೇನೆಂದು ಹೇಳಿ ಹೊರಬಿದ್ದಳು. ಆಸ್ಪತ್ರೆಯ ಹಿಂದಿನ ಚರಂಡಿಯ ಪಕ್ಕ ನಿಂತು, ಕೈಯನ್ನು ಗೋಡೆಗೆ ಉಜ್ಜಿ ಉಜ್ಜಿ ಒರೆಸಿಕೊಂಡು, ಕೇಳಿದ ಮಾತನ್ನೆಲ್ಲ ಮೊದಲಿನಿಂದ ಒಮ್ಮೆ ಬಾಯಲ್ಲೇ ಹೇಳಿಕೊಂಡಳು. ಒಂದು ಪದವೂ ಬಿಟ್ಟುಹೋಗಿರಲಿಲ್ಲ. ಸಂಭಾಷಣೆ ಬಾಯಿಪಾಠ ಮಾಡುವುದರಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ.

ಸಂಶೋಧನಾ ಕೇಂದ್ರ ಎಂದರೆ ಬೇರೆಯೇ ಲೋಕ. ತಣ್ಣಗಿನ ಕೋಣೆ, ಉದ್ದ ಮೇಜು, ಗಾಜಿನ ಕಿಟಕಿ. ಪ್ರೊಫೆಸರ್ ಯಾರಿಗೂ ದನಿ ಎತ್ತಿದವರಲ್ಲ, ಕಸ ಗುಡಿಸುವವಳಿಗೂ ಬಹುವಚನ. ಅವರಲ್ಲಿ ಹೇಸುವಂಥದ್ದು ಏನಾದರೂ ಇದ್ದರೆ ಅದು ಚಹಾ ಕುಡಿಯುವ ರೀತಿ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬಿದ್ದ ಮೇಲೆ ಬೆರಳು ಹಾಕಿ ಎತ್ತಿ, ಬೆರಳನ್ನು ಚೀಪಿ, ಅದೇ ಬೆರಳಲ್ಲಿ ಹಾಳೆ ತಿರುಗಿಸುವರು. ಅವತ್ತು ಅಳುಬುರುಕಿ ನರ್ಸಮ್ಮನ ಮಾತನ್ನು ನರ್ಸಮ್ಮನದೇ ದನಿಯಲ್ಲಿ ಒಪ್ಪಿಸಿದಳು. ಮೇಜಿನ ಸುತ್ತ ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹೆರೋಕೆ ಪುರುಸೊತ್ತಿತ್ತು!" ಪ್ರೊಫೆಸರ್ ಕಣ್ಣೊರೆಸಿಕೊಂಡರು. "ಇದಕ್ಕಿಂತ ಒಳ್ಳೇ ಉದಾಹರಣೆ ನಮಗೆ ಸಿಗಲ್ಲ. ಇದನ್ನೇ ಮೊದಲ ಪುಟಕ್ಕೆ ಹಾಕೋಣ. ಇಲ್ಲಿವರೆಗೆ ನೋಡಿದ್ರಲ್ಲಿ ಇವಳೇ ಅತಿ ಕೆಟ್ಟವಳು, ಅಲ್ವಾ?"

"ಹೌದು ಸರ್, ಇವಳನ್ನ ಮೀರಿಸೋರಿಲ್ಲ," ಎಂದಳು ಅಳುಬುರುಕಿ. ಎಲ್ಲರೂ ನಗುವಾಗ ಅವಳಿಗೂ ಹಿಗ್ಗಾಗಿತ್ತು. ಎಷ್ಟೋ ವರ್ಷಗಳ ಮೇಲೆ ಎದುರಿಗೆ ಪ್ರೇಕ್ಷಕರು ಸಿಕ್ಕಿದ್ದರು. ಆ ಹಿಗ್ಗು ನೆನಪಾದಾಗಲೆಲ್ಲ ಆಮೇಲೆ ಅವಳಿಗೆ ಮೈ ಮೇಲೆ ಹುಳ ಹರಿದಂತಾಗುತ್ತಿತ್ತು.

ಹೊರಡುವಾಗ ಕೇಳಿದಳು. "ಸರ್, ಮಗೂಗೆ ಇಂಜೆಕ್ಷನ್ ಯಾವಾಗ ಹಾಕ್ಸೋದು? ಸ್ವಲ್ಪ ದಿನ ಅಂದಿದ್ರಿ."

"ಖಂಡಿತ, ಖಂಡಿತ. ಅಧ್ಯಯನ ಮುಗಿದ ದಿನವೇ ಎಲ್ಲ ಮಕ್ಕಳಿಗೂ ಒಟ್ಟಿಗೆ ಹಾಕಿಸ್ತೀವಿ, ನಮ್ಮದೇ ಗಾಡೀಲಿ ಕರ್ಕೊಂಡು ಹೋಗಿ. ಆದ್ರೆ ನೋಡಿ, ಇನ್ನೊಂದಷ್ಟು ಆಸ್ಪತ್ರೆ ಸೇರಿಸಿ ಅಂತ ಮೇಲಿಂದ ಬಂದಿದೆ. ಫಲಿತಾಂಶ ಅಷ್ಟು ಚೆನ್ನಾಗಿದೆ!"

ಹೋದ ಸಲ ಕೇಳಿದಾಗಲೂ ಇದೇ ಉತ್ತರ ಬಂದಿತ್ತು, ಅದರ ಹಿಂದಿನ ಸಲವೂ. ಮೊದಮೊದಲು ಗುಂಡಕ್ಕ ಆ ಸುಳ್ಳು ಕಾರ್ಡಿನಲ್ಲಿ ಮಾತ್ರ ತಡವಾಗಿದ್ದಳು. ಅಧ್ಯಯನ ಉದ್ದವಾಗುತ್ತ ಹೋದಂತೆ ನಿಜವಾಗಿಯೂ ತಡವಾದಳು. ಮೊದಲು ಒಂದು ಸೂಜಿ ತಪ್ಪಿತು, ಆಮೇಲೆ ಅದರ ಮುಂದಿನದು, ಈಗ ದಡಾರದ್ದೂ ತಪ್ಪಿತ್ತು. ಅಳುಬುರುಕಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಪ್ರೊಫೆಸರ್ ಓದಿದವರು, ಮಕ್ಕಳ ಒಳಿತಿಗೇ ಹಗಲಿರುಳು ಒದ್ದಾಡುವವರು, ಅವರಿಗೆ ತಿಳಿಯದ್ದು ತನಗೇನು ತಿಳಿಯುತ್ತದೆ ಎಂದು ತನ್ನ ಬಾಯಿಗೆ ತಾನೇ ಬೀಗ ಹಾಕಿಕೊಂಡಿದ್ದಳು.

ಅವಳು ಇರುವುದು ತಮ್ಮನ ಮನೆಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಮೆಟ್ಟಿಲ ಕೆಳಗೆ ಬಚ್ಚಲು. ತಮ್ಮ ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿದ್ದದ್ದಕ್ಕಿಂತ ರಸ್ತೆಯಲ್ಲಿದ್ದದ್ದೇ ಹೆಚ್ಚು. ತಮ್ಮನ ಹೆಂಡತಿ ಒಂದು ಹೋಟೆಲಿನಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ದಿನವಿಡೀ ಇನ್ನೊಬ್ಬರು ಮಲಗೆದ್ದ ಚಾದರಗಳನ್ನು ಯಂತ್ರಕ್ಕೆ ತುರುಕಿ ತುರುಕಿ ಅವಳ ಬೆರಳ ಸಂದಿಯೆಲ್ಲ ಬಿರಿದಿತ್ತು. ಅಂಥ ಕೈಯಲ್ಲಿ ಮಗುವಿನ ಕೆನ್ನೆ ಮುಟ್ಟಲು ಹೆದರಿ ಮುಂಗೈ ತಿರುಗಿಸಿ ಸವರುತ್ತಿದ್ದಳು.

ಮಗುವನ್ನು ಕೊಟ್ಟಾಗ ಅವಳಿಗೆ ಪ್ರೊಫೆಸರ್ ಅವರೇ ಎದುರು ಕೂರಿಸಿಕೊಂಡು ವಿವರಿಸಿದ್ದರು. ಮಕ್ಕಳ ಲಸಿಕೆಗೆ ಸಂಬಂಧಿಸಿದ ಅಧ್ಯಯನ, ಮಗುವನ್ನು ಆಸ್ಪತ್ರೆಗಳಿಗೆ ಕರೆದೊಯ್ಯಲಾಗುತ್ತದೆ, ಯಾವ ಅಪಾಯವೂ ಇಲ್ಲ, ಎಲ್ಲ ವೆಚ್ಚ ಕೇಂದ್ರದ್ದು. ಅವಳು ತಲೆಯಾಡಿಸಿ ಸಹಿ ಹಾಕಿದ್ದಳು. ರಜೆ ಹಾಕಿದರೆ ಸಂಬಳ ಕಡಿಯುವ ಕೆಲಸದವಳಿಗೆ ಅಕ್ಕ ಸಿಕ್ಕಿದ್ದು, ಅಕ್ಕನಿಗೆ ಈ ಕೆಲಸ ಸಿಕ್ಕಿದ್ದು ದೊಡ್ಡ ಪುಣ್ಯ ಅನ್ನಿಸಿತ್ತು. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಪ್ರಶ್ನೆ ಒಂದೇ.

"ಅತ್ಲಾ ಅಕ್ಕಾ?"

"ಇಲ್ವೇ. ನಗ್ತಾನೇ ಇದ್ಲು."

"ನನ್ ಮಗಳು ಗಟ್ಟಿಗಿತ್ತಿ!" ಎಂದು ತಾಯಿ ಮುಂಗೈಯಿಂದ ಕೆನ್ನೆ ಸವರುತ್ತಿದ್ದಳು. ಅಳುಬುರುಕಿ ಆ ಮಾತನ್ನು ಬರೀ ಮುದ್ದಿನ ಮಾತು ಎಂದುಕೊಂಡಿದ್ದಳು. ಅದರ ಹಿಂದೆ ಏನಿದೆ ಎಂದು ತಿಳಿದದ್ದು ಮೇಲಿನ ಮನೆಯ ಟೈಲರಮ್ಮನ ಮಗನಿಗೆ ದಡಾರ ಬಂದಾಗ.

ಆ ಸಂಜೆ ಟೈಲರಮ್ಮ ಮೆಟ್ಟಿಲ ಮೇಲೆ ಕೂತು ಗೋಳೋ ಎನ್ನುತ್ತಿದ್ದಳು. ಹುಡುಗನ ಮೈತುಂಬ ಕೆಂಪು ಗುಳ್ಳೆ, ಕಣ್ಣು ಬಿಡಲಾಗದಷ್ಟು ಪಿಸುರು, ಕೆಮ್ಮಿದರೆ ಎದೆಯೊಳಗೆ ಗೊರಗೊರ. ಎದುರು ಬೀದಿಯಲ್ಲೂ ಎರಡು ಮಕ್ಕಳಿಗೆ ಬಂದಿದೆ ಎಂದಳು. ಒಮ್ಮೆ ಸೂಜಿ ಹಾಕಿಸಲು ಹೋದಾಗ ಆ ಕನ್ನಡಕದ ನರ್ಸು ಬಾಯಿಗೆ ಬಂದಂತೆ ಬೈದು ನೀರಿಳಿಸಿದ್ದಕ್ಕೆ ಮತ್ತೆ ಹೋಗಿರಲಿಲ್ಲವಂತೆ. ಪ್ರೊಫೆಸರ್ ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅವರ ಸಂಶೋಧನೆ ಮೆಟ್ಟಿಲ ಮೇಲೆ ಕೂತು ಮೂಗು ಸೀಟುತ್ತಿತ್ತು.

"ನೀನು ಹೆದರ್ಬೇಡ, ನಾನು ಮೇಲೆ ಬಂದು ಇರ್ತೀನಿ, ನೀನು ಸ್ವಲ್ಪ ಬೆನ್ನು ನೀಡು," ಎಂದಳು ತಮ್ಮನ ಹೆಂಡತಿ. ಸೊಂಟದ ಮೇಲೆ ಗುಂಡಕ್ಕ ಇದ್ದಳು.

"ಅಯ್ಯೋ, ಬೇಡಮ್ಮ, ಮಗೂಗೆ ಅಂಟುತ್ತೆ."

"ನಮ್ ಗುಂಡಕ್ಕಂಗೇನು? ಅವರತ್ತೆ ಯಾವ್ ಯಾವ್ ಆಸ್ಪತ್ರೆಗೆ ಕರ್ಕೊಂಡು ಹೋಗಿ ಹಾಕ್ಸಿದ್ದಾಳೆ ಗೊತ್ತಾ? ಆಫೀಸಿನೋರ ಲೆಕ್ಕದಲ್ಲಿ ಇವಳಿಗೆ ಎಲ್ಲಾರಿಗಿಂತ ಜಾಸ್ತೀನೇ ಆಗಿದೆ. ಒಂದಿನಾನೂ ಅತ್ತೋಳಲ್ಲ, ಜ್ವರ ಬಂದೋಳಲ್ಲ. ಬೇಕಾದ್ರೆ ನಿನ್ ಮಗನ ಪಕ್ಕದಲ್ಲೇ ಮಲಗ್ಸು, ಏನೂ ಆಗಲ್ಲ."

ಹೇಳುತ್ತ ಹೇಳುತ್ತಲೇ ಅವಳು ಮೆಟ್ಟಿಲು ಹತ್ತಿದಳು.

ಅಳುಬುರುಕಿ ಓಡಿ ಹೋಗಿ ಮಗುವನ್ನು ಕಿತ್ತುಕೊಂಡಳು. "ನೆಗಡಿ ಆಗಿದೆ ಕಣೇ ಇದಕ್ಕೆ, ಆ ಹುಡುಗನಿಗೆ ಇನ್ನೂ ಜಾಸ್ತಿ ಆಗುತ್ತೆ," ಎಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ತಮ್ಮನ ಹೆಂಡತಿ ಅವಳ ಬುದ್ಧಿವಂತಿಕೆಗೆ ಮೆಚ್ಚಿ ತಲೆಯಾಡಿಸಿ ತಾನೊಬ್ಬಳೇ ಮೇಲೆ ಹೋದಳು.

ಮಗುವನ್ನು ಎತ್ತಿಕೊಂಡೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು ಅಳುಬುರುಕಿ. ಊರಿನ ನರ್ಸುಗಳನ್ನೆಲ್ಲ ಕಂಡು ಮೂಗು ಮುರಿದಿದ್ದಳು, ಬೆಂಚಿನ ಬಿಸ್ಕತ್ತು ಕಂಡು ಥೂ ಎಂದಿದ್ದಳು. ತನ್ನ ಮೈಯಿಂದಲೇ ಇಂಥ ನಾತ ಹೊಡೆಯುತ್ತಿದ್ದುದು ಗೊತ್ತಾಗಿರಲಿಲ್ಲ. ಈಗಲೇ ಮೇಲೆ ಹೋಗಿ ಹೇಳಿಬಿಡಬೇಕು ಎಂದುಕೊಂಡಳು, ಹೇಳಲು ಧೈರ್ಯ ಬರಲಿಲ್ಲ. ಸದ್ದಿಲ್ಲದೆ ಸೂಜಿ ಹಾಕಿಸಿಬಿಟ್ಟರೆ ತಮ್ಮನ ಹೆಂಡತಿಯ ನಂಬಿಕೆ ತಡವಾಗಿಯಾದರೂ ನಿಜವಾಗುತ್ತದೆ, ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗೆ ಯೋಚಿಸಿದ್ದಕ್ಕೂ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬೆಳಿಗ್ಗೆ ತಮ್ಮನ ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಮಾಡಿದ್ದು ಅದನ್ನೇ. ಪೆಟ್ಟಿಗೆಯ ತಳದಿಂದ ಮಗುವಿನ ನಿಜವಾದ ಕಾರ್ಡನ್ನು ಹುಡುಕಿ ತೆಗೆದಳು. ಆಫೀಸಿನವರು ಹೊಸದು ಕೊಟ್ಟಿದ್ದಾರಲ್ಲ ಎಂದು ತಾಯಿ ಅದನ್ನು ಹಳೆಯ ಬಟ್ಟೆಯ ಕೆಳಗೆ ಹಾಕಿ ಮರೆತೇಬಿಟ್ಟಿದ್ದಳು.

ಆ ದಿನ ಸೂಜಿ ಹಾಕುತ್ತಿದ್ದದ್ದು ಹತ್ತಿರದಲ್ಲಿ ಒಂದೇ ಆಸ್ಪತ್ರೆಯಲ್ಲಿ. ಅದು ಕನ್ನಡಕದ ನರ್ಸಮ್ಮನ ಆಸ್ಪತ್ರೆ.

ಅದೇ ಫಿನಾಯಿಲು, ಅದೇ ಹಾಲು. ಬಿಸ್ಕತ್ತನ್ನು ಯಾರೋ ಕೆರೆದು ತೆಗೆದಿದ್ದರು, ಕಲೆ ಉಳಿದಿತ್ತು. ಪಕ್ಕದಲ್ಲಿ ಸಣ್ಣ ಪ್ರಾಯದ ತಾಯಿಯೊಬ್ಬಳು ಕೂಸನ್ನು ಎದೆಗವಚಿಕೊಂಡು, ಕಾರ್ಡನ್ನು ಅಂಗೈಯಲ್ಲಿ ಮುದುರಿ ಹಿಡಿದು ಕೂತಿದ್ದಳು. ಅವಳೂ ತಡವಾಗಿ ಬಂದವಳೆಂದು ಅಳುಬುರುಕಿಗೆ ನೋಡಿದೊಡನೆ ಗೊತ್ತಾಯಿತು. ಈ ಪಾತ್ರದ ಕೂರುವ ರೀತಿಯನ್ನು ಅವಳು ಎಷ್ಟು ಸಲ ಆಡಿಲ್ಲ!

ನರ್ಸಮ್ಮ ಕಾರ್ಡು ತೆಗೆದುಕೊಳ್ಳಲಿಲ್ಲ. ಮೊದಲು ಮಗುವನ್ನು ನೋಡಿದಳು, ಆಮೇಲೆ ಅಳುಬುರುಕಿಯನ್ನು.

"ನೀನಾ? ನೀರು ಕುಡಿಸ್ಕೊಂಡ್ ಬರ್ತೀನಿ ಅಂತ ಹೋದೋಳು ನೀನೇ ಅಲ್ವಾ? ಯಾವ ಸಮುದ್ರಕ್ಕೆ ಹೋಗಿದ್ದೆ ನೀರು ಕುಡಿಸೋಕೆ?"

"ಸಿಸ್ಟರ್, ಅದು..."

"ಮುಚ್ಚು ಬಾಯಿ. ನೀನು ಕೊಟ್ಟ ಅಡ್ರೆಸ್ಸು ಹಿಡ್ಕೊಂಡು ನಾನೇ ಬಂದಿದ್ದೆ. ಡ್ಯೂಟಿ ಮುಗಿಸಿ, ಈ ಊದಿದ ಕಾಲು ಎಳ್ಕೊಂಡು. ಆ ಬೀದೀಲಿ ಆ ನಂಬರಿನ ಮನೇನೇ ಇಲ್ಲ! ಅಲ್ಲಿ ಟಯರ್ ಅಂಗಡಿಯೋನು ನನ್ನ ನೋಡಿ ಹಲ್ಲು ಕಿರೀತಾನೆ. ಮಗೂಗೋಸ್ಕರ ಬಂದ್ರೆ ಸುಳ್ಳು ಅಡ್ರೆಸ್ಸು ಕೊಡ್ತೀಯಾ? ನಾಚಿಕೆ ಆಗಲ್ವಾ? ನೀನು ತಾಯೀನಾ?"

ಆ ವಿಳಾಸವನ್ನು ಬರೆದದ್ದು ಕೇಂದ್ರದಲ್ಲಿ, ತಣ್ಣಗಿನ ಕೋಣೆಯಲ್ಲಿ. ಯಾರಾದರೂ ಅದನ್ನು ಹುಡುಕಿಕೊಂಡು ಹೋಗುತ್ತಾರೆ ಎಂದು ಯಾರಿಗೂ ಹೊಳೆದಿರಲಿಲ್ಲ. ಅತಿ ಕೆಟ್ಟವಳು ಎಂದು ಅವರೆಲ್ಲ ಸೇರಿ ತೀರ್ಮಾನಿಸಿದ್ದ ಹೆಂಗಸು ಕಾಲೆಳೆದುಕೊಂಡು ಹೋಗಿದ್ದಳು.

ಅಳುಬುರುಕಿ ಎಂದಿನಂತೆ ತಲೆ ತಗ್ಗಿಸಿದಳು. ಕಣ್ಣೀರು ಬರಲಿಲ್ಲ. ಎಷ್ಟು ತಿಣುಕಿದರೂ ಬರಲಿಲ್ಲ. ಮುಖವೆಲ್ಲ ಉರಿಯುತ್ತಿತ್ತು, ಕಣ್ಣು ಮಾತ್ರ ಒಣಗಿ ಹೋಗಿತ್ತು.

"ನೋಡು, ಕಲ್ಲು ಥರ ನಿಂತಿದ್ದಾಳೆ! ಇಂಥೋರ್ ಹೊಟ್ಟೇಲಿ ಯಾಕಾದ್ರೂ ಮಕ್ಕಳು ಹುಟ್ತಾವೋ," ಎಂದು ನರ್ಸಮ್ಮ ಇಡೀ ಕೋಣೆಗೆ ಕೇಳುವಂತೆ ಅರಚಿದಳು.

ಅಷ್ಟರಲ್ಲಿ ಪಕ್ಕದ ಸಣ್ಣ ಪ್ರಾಯದ ತಾಯಿ ಎದ್ದಳು. ಯಾರ ಮುಖವನ್ನೂ ನೋಡದೆ ಗೋಡೆ ಬಳಸಿಕೊಂಡು ಬಾಗಿಲ ಹತ್ತಿರ ಹೋದಳು, ಹೋದವಳು ಹೊರಗೆ ಇಳಿದುಬಿಟ್ಟಳು.

"ಸಿಸ್ಟರ್, ನಂಗೆ ಎಷ್ಟು ಬೇಕಾದ್ರೂ ಬೈರಿ," ಎಂದಳು ಅಳುಬುರುಕಿ. "ಆದ್ರೆ ನಿಮ್ ಬಾಯಿ ಕೇಳಿ ಅಲ್ಲೊಬ್ಳು ಎದ್ದು ಹೋದ್ಲು. ಅವಳ ಮಗೂಗೂ ಹಾಕ್ಸಿರ್ಲಿಲ್ಲ."

ನರ್ಸಮ್ಮ ಖಾಲಿ ಬೆಂಚನ್ನು ನೋಡಿದಳು. ಕೈಯಲ್ಲಿದ್ದ ಹತ್ತಿಯನ್ನು ಟ್ರೇಗೆ ಎಸೆದು, ಕುಂಟುತ್ತ ಬಾಗಿಲಿಗೆ ಓಡಿದಳು. "ಏಯ್, ಬಾರಮ್ಮಾ ಇಲ್ಲಿ! ನಿಂಗಲ್ಲ ನಾನ್ ಬೈದಿದ್ದು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು. ಆ ಕೂಗಿಗೆ ಬರುವವಳೂ ಬರುತ್ತಿರಲಿಲ್ಲ. ಏದುಸಿರು ಬಿಡುತ್ತ ಒಬ್ಬಳೇ ಹಿಂದಿರುಗಿ ಕನ್ನಡಕ ಒರೆಸಿಕೊಂಡಳು. ಪಾಪ ಅನ್ನಿಸುವಷ್ಟರಲ್ಲಿ ಬೆಂಚಿನ ಮೇಲಿದ್ದ ಇನ್ನೊಬ್ಬಳ ಕಡೆ ತಿರುಗಿ, "ನೀನೂ ಓಡ್ತೀಯಾ? ಓಡು, ಎಲ್ರೂ ಓಡಿ!" ಎಂದಳು. ಆ ನಾಲಿಗೆಗೆ ಮದ್ದಿರಲಿಲ್ಲ.

ಸೂಜಿ ಹಾಕುವಾಗ ಮಾತ್ರ ನರ್ಸಮ್ಮ ಬಾಯಿ ಬಿಡಲಿಲ್ಲ. ಎರಡು ತೊಡೆಗೆ, ಒಂದು ತೋಳಿಗೆ. ಗುಂಡಕ್ಕ ಮೊದಲ ಸೂಜಿಯವರೆಗೂ ನರ್ಸಮ್ಮನ ಕನ್ನಡಕಕ್ಕೆ ಕೈ ಚಾಚಿ ನಗುತ್ತಲೇ ಇದ್ದಳು. ಚುಚ್ಚಿದಾಗ ತಕ್ಷಣ ಅಳಲಿಲ್ಲ. ಅತ್ತೆಯ ಮುಖವನ್ನು ನೋಡಿದಳು. ಆಮೇಲೆ ಬಾಯಿ ಚೌಕವಾಗಿ, ಉಸಿರು ಕಟ್ಟಿ, ಕಟ್ಟಿದ ಉಸಿರು ಒಡೆದು ಅತ್ತಳು. ಆ ಮೊದಲ ನೋಟವನ್ನು ಅಳುಬುರುಕಿಗೆ ತಡೆದುಕೊಳ್ಳಲಾಗಲಿಲ್ಲ, ಮುಖ ಆಚೆ ತಿರುಗಿಸಿದಳು.

"ಸಂಜೆ ಜ್ವರ ಬರ್ಬಹುದು. ಈ ಔಷಧಿ ಕೊಡು, ಗಾಬರಿ ಬೀಳ್ಬೇಡ. ಮುಂದಿನ ತಾರೀಖು ತಪ್ಪಿಸಿದ್ರೆ ನಿನ್ ನಿಜವಾದ ಮನೇಗೇ ಬಂದು ಬೈತೀನಿ," ಎಂದು ನರ್ಸಮ್ಮ ನಿಜವಾದ ವಿಳಾಸವನ್ನು ಬರೆದುಕೊಂಡಳು.

ಅಲ್ಲಿಂದ ಅಳುಬುರುಕಿ ನೇರ ಕೇಂದ್ರಕ್ಕೆ ಹೋದಳು. ಬಿಕ್ಕುತ್ತಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡೇ ನಡೆದದ್ದನ್ನೆಲ್ಲ ಹೇಳಿದಳು. ಪ್ರೊಫೆಸರ್ ಕುರ್ಚಿಗೆ ಒರಗಿದರು.

"ಆ ನರ್ಸಿಗೆ ನೀವು ಯಾರು ಅಂತ ಹೇಳಿದ್ರಾ?"

"ಇಲ್ಲ."

"ಸದ್ಯ." ಉಸಿರು ಬಿಟ್ಟರು. "ನನಗೆ ಒಂದು ಮಾತು ಹೇಳ್ಬೇಕಿತ್ತು ನೀವು."

"ಎಷ್ಟು ಸಲ ಕೇಳಿದ್ದೆ ಸರ್."

"ಅದು ಸರಿ, ಅದು ಸರಿ. ನೋಡಿ, ಮಗುವಿಗೆ ಹಾಕಿಸಿದ್ದು ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಇದರಿಂದ ಮುಂದೆ ಎಷ್ಟು ಸಾವಿರ ಮಕ್ಕಳಿಗೆ ಒಳ್ಳೇದಾಗುತ್ತೆ, ಯೋಚನೆ ಮಾಡಿ. ಅರ್ಧಕ್ಕೆ ನಿಲ್ಲಿಸೋಕಾಗುತ್ತಾ?" ತಟ್ಟೆಯಿಂದ ಬಿಸ್ಕತ್ತು ಎತ್ತಿಕೊಂಡರು. "ಈ ಮಗು ಅಂತೂ ಇನ್ನು ಉಪಯೋಗಕ್ಕೆ ಬರಲ್ಲ. ನಿಮ್ಮ ಪರಿಚಯದಲ್ಲಿ ಬೇರೆ ಯಾವುದಾದ್ರೂ ಇದೆಯಾ? ಇನ್ನೂ ಹಾಕಿಸದೇ ಇರೋದು?"

ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು. ಅವರು ಬೆರಳು ಹಾಕಿದರು. ಮನುಷ್ಯ ಕೆಟ್ಟವರಲ್ಲ ಎಂದು ಅಳುಬುರುಕಿಗೆ ಗೊತ್ತಿತ್ತು. ಅವರು ಹೇಳುವುದು ಸುಳ್ಳಲ್ಲ ಎಂದೂ ಗೊತ್ತಿತ್ತು, ಟೈಲರಮ್ಮನನ್ನು ಕಣ್ಣಾರೆ ಕಂಡಿದ್ದಳಲ್ಲ. ಅದಕ್ಕೇ ಹೇಸಿಗೆ ಇನ್ನೂ ಹೆಚ್ಚಾಯಿತು. ಸುಳ್ಳು ಕಾರ್ಡನ್ನು ತೆಗೆದು ಅವರ ಚಹಾದ ಪಕ್ಕದಲ್ಲಿಟ್ಟಳು.

"ಮೇಲಿನ ಮನೇಲಿ ಒಂದಿದೆ ಸರ್," ಎಂದಳು. "ಮೈತುಂಬ ಗುಳ್ಳೆ ಎದ್ದಿದೆ. ಅದು ನಿಮಗೆ ಉಪಯೋಗಕ್ಕೆ ಬರುತ್ತೋ ಇಲ್ವೋ ನೋಡಿ."

ಉತ್ತರಕ್ಕೆ ಕಾಯದೆ ಹೊರಟಳು.

ಸಂಜೆಯ ಹೊತ್ತಿಗೆ ಗುಂಡಕ್ಕನ ಮೈ ಕಾದು ಕೆಂಡವಾಯಿತು. ನರ್ಸಮ್ಮ ಕೊಟ್ಟ ಔಷಧಿ ಹಾಕಿ, ಹೆಗಲ ಮೇಲೆ ಮಲಗಿಸಿಕೊಂಡು ಅಳುಬುರುಕಿ ಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದಳು. ಮಗುವಿನ ಕಣ್ಣೀರು, ಸಿಂಬಳ ಎಲ್ಲ ಅವಳ ಕತ್ತಿನ ಮೇಲೆ ಇಳಿದು ಅಂಟಿತ್ತು. ಅಸಹ್ಯ ಅನ್ನಿಸಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಬಾಗಿಲ ಸದ್ದಾಯಿತು.

"ಅತ್ಲಾ ಅಕ್ಕಾ?" ಎಂದು ನಗುತ್ತ ಒಳಗೆ ಬಂದ ತಮ್ಮನ ಹೆಂಡತಿ ಮಗುವಿನ ಮುಖ ಕಂಡು ಚಪ್ಪಲಿಯಲ್ಲೇ ಓಡಿ ಬಂದಳು. ಮುಂಗೈಯಿಂದ ಹಣೆ ಮುಟ್ಟಿ ನೋಡಿ ಬೆಚ್ಚಿದಳು. "ಅಯ್ಯೋ, ಹೀಗೆ ಸುಡ್ತಿದ್ದಾಳಲ್ಲ! ಇಷ್ಟೊಂದು ಸಲ ಹಾಕ್ಸಿದ್ರೂ ಒಂದಿನ ಮೈ ಬೆಚ್ಚಗಾಗಿರ್ಲಿಲ್ಲ. ಈ ಸಲ ಅದೇನ್ ಚುಚ್ಚಿದ್ರು ಅಕ್ಕಾ ಇವ್ಳಿಗೆ?"

ಈ ಸಲದ್ದು ಸ್ವಲ್ಪ ಜೋರು ಔಷಧಿಯಂತೆ. ಇಷ್ಟು ಹೇಳಿದರೆ ಸಾಕಿತ್ತು. ದಾರಿಯುದ್ದಕ್ಕೂ ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು, ಯಾವ ಪದಕ್ಕೆ ದನಿ ಇಳಿಸಬೇಕು ಎಂಬುದೂ ಸಿದ್ಧವಾಗಿತ್ತು. ಎದುರಿಗೆ ನಿಂತವಳು ನಂಬಲು ಕಾದು ನಿಂತಿದ್ದಳು.

"ಈ ಸಲ ಅಂತಲ್ಲ ಕಣೇ," ಎಂದಳು ಅಳುಬುರುಕಿ. "ನಾನು ಕರ್ಕೊಂಡ್ ಹೋದ್ಮೇಲೆ ಇದೇ ಮೊದಲ್ನೇದು. ಇಲ್ಲಿವರ್ಗೂ ಒಂದೂ ಹಾಕ್ಸಿರ್ಲಿಲ್ಲ."

ತಮ್ಮನ ಹೆಂಡತಿಗೆ ಅರ್ಥವಾಗಲಿಲ್ಲ. ತಮಾಷೆಯೋ ಎಂದು ಮುಖ ನೋಡಿದಳು, ನಗಲು ಹೋಗಿ ನಿಲ್ಲಿಸಿದಳು. ತಾನು ನಿನ್ನೆ ಸಂಜೆ ಹತ್ತಿದ ಮೆಟ್ಟಿಲಿನ ಕಡೆ ಒಮ್ಮೆ ನೋಡಿದಳು.

"ಮತ್ತೆ ಅಷ್ಟೊಂದು ಸಲ ಕರ್ಕೊಂಡ್ ಹೋಗಿದ್ದು ಯಾಕೆ?"

"ಬೈಸ್ಕೊಳ್ಳೋಕೆ."

ಮೇಲಿನ ಮನೆಯಲ್ಲಿ ಹುಡುಗ ಕೆಮ್ಮಿದ.

"ಬೈಯೇ," ಎಂದಳು ಅಳುಬುರುಕಿ. "ಏನ್ ಬೇಕಾದ್ರೂ ಬೈಯೇ, ನಂಗೆ."

ತಮ್ಮನ ಹೆಂಡತಿ ಬೈಯಲಿಲ್ಲ. ಎರಡೂ ಕೈ ಚಾಚಿ, ಈ ಸಲ ಬಿರಿದ ಬೆರಳುಗಳ ಪರಿವೆಯಿಲ್ಲದೆ, ಮಗುವನ್ನು ಅವಳ ಹೆಗಲಿನಿಂದ ಬಿಡಿಸಿಕೊಂಡಳು. ಒದ್ದೆ ಬಟ್ಟೆ ತಂದು, ಅಳುಬುರುಕಿಯ ಕತ್ತಿಗೆ ತಾಗಿಕೊಂಡಿದ್ದ ಮಗುವಿನ ಕೆನ್ನೆಯನ್ನು ಒರೆಸಿದಳು. ಆಮೇಲೆ ಬಟ್ಟೆಯನ್ನು ಮಗುಚಿ, ಚೊಕ್ಕಟವಿದ್ದ ಮಗ್ಗುಲಿನಿಂದ ಇನ್ನೊಮ್ಮೆ ಒರೆಸಿದಳು.